ನಡವಳಿಕೆಯನ್ನು ಓದುವ ಬಗೆ: ಸ್ವಲೀನತೆಯ ಮಗು, ಮನೆ ಮತ್ತು ಊರು

ಸ್ವಲೀನತೆ, ಅಂದರೆ ಆಟಿಸಂ, ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಒಂದು ಭಿನ್ನತೆ. ಅದರ ಬೇರು ಹುಟ್ಟಿಗೂ ಮೊದಲಿನದು. ಚಿಹ್ನೆಗಳು ಹೆಚ್ಚಾಗಿ ಮೊದಲ ಮೂರು ವರ್ಷಗಳೊಳಗೆ ಕಾಣತೊಡಗುತ್ತವೆ, ಭಿನ್ನತೆ ಬದುಕಿನುದ್ದಕ್ಕೂ ಇರುತ್ತದೆ. ಅದನ್ನು ಪತ್ತೆ ಮಾಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಇಲ್ಲ. ವೈದ್ಯರು ಮಗುವನ್ನು ನೋಡಿ, ಮನೆಯವರ ಮಾತು ಕೇಳಿ ನಿರ್ಧರಿಸುತ್ತಾರೆ. ಹಾಗಾಗಿ ಸ್ವಲೀನತೆಯ ತಿಳಿವಳಿಕೆ ಎಂದರೆ ಬಹುಪಾಲು ನಡವಳಿಕೆಯ ತಿಳಿವಳಿಕೆಯೇ. ಮಗು ಕಿವಿ ಮುಚ್ಚಿಕೊಳ್ಳುವುದು, ಒಂದೇ ಮಾತನ್ನು ಹತ್ತು ಸಲ ಹೇಳುವುದು, ಸಂತೆಯ ನಡುವೆ ನೆಲಕ್ಕೆ ಬೀಳುವುದು, ಹೇಳದೆ ಕೇಳದೆ ಮನೆಯಿಂದ ಹೊರಟುಬಿಡುವುದು, ಇವೆಲ್ಲಕ್ಕೂ ಕಾರಣವಿರುತ್ತದೆ. ಆ ಕಾರಣ ಹೆಚ್ಚಾಗಿ ಮಗುವಿನ ಇಂದ್ರಿಯಗಳಲ್ಲಿ, ಅದರ ಸಂವಹನದ ರೀತಿಯಲ್ಲಿ, ಮುಂದೇನು ಎಂದು ತಿಳಿಯದ ಆತಂಕದಲ್ಲಿ ಸಿಗುತ್ತದೆ.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿ ಸ್ವಲೀನತೆಯ ಲಕ್ಷಣಗಳನ್ನು ಎರಡು ಗುಂಪು ಮಾಡುತ್ತದೆ. ಸಾಮಾಜಿಕ ಸಂವಹನದಲ್ಲಿನ ತೊಡಕು ಮೊದಲನೆಯದು. ಮಾಡಿದ್ದನ್ನೇ ಮಾಡುವುದು, ಕೆಲವೇ ವಿಷಯಗಳಲ್ಲಿ ತೀವ್ರ ಆಸಕ್ತಿ, ಬದಲಾವಣೆ ಸಹಿಸದಿರುವುದು ಎರಡನೆಯದು. ಶಬ್ದ, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರ ಕಡಿಮೆಯಾಗಿ ಸ್ಪಂದಿಸುವುದನ್ನು ಅಧಿಕೃತ ಲಕ್ಷಣವಾಗಿ ಈ ಎರಡನೆಯ ಗುಂಪಿಗೆ ಸೇರಿಸಿದ್ದು ಈ ಆವೃತ್ತಿಯೇ. ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನಲ್ಲಿ ನೂರು ಮಕ್ಕಳಿಗೆ ಸುಮಾರು ಒಬ್ಬರಲ್ಲಿ ಸ್ವಲೀನತೆ ಇದೆಯೆಂದು ಅಂದಾಜಿಸಿತ್ತು. ಆ ಲೆಕ್ಕದಲ್ಲಿ ದಾವಣಗೆರೆ ನಗರದಲ್ಲಷ್ಟೇ ಅಲ್ಲ, ಹರಿಹರ ತಾಲ್ಲೂಕಿನ ಕೊಂಡಜ್ಜಿಯಂಥ ಹಳ್ಳಿಯ ಶಾಲೆಯಲ್ಲೂ ಒಂದೆರಡು ಮಕ್ಕಳಾದರೂ ಇರುವ ಸಂಭವವಿದೆ. ಎಲ್ಲರಿಗೂ ಹೆಸರಿಟ್ಟ ನಿರ್ಣಯ ಸಿಕ್ಕಿರುವುದಿಲ್ಲ. ‘ಹಟಮಾರಿ’, ‘ಮೊಂಡ’, ‘ಮೂಗ’ ಎಂಬ ಅಡ್ಡಹೆಸರುಗಳ ಹಿಂದೆ ಕೆಲವರು ಅಡಗಿರುತ್ತಾರೆ.

ಹೆಸರು ಬಂದ ದಾರಿ, ತಾಯಂದಿರು ಹೊತ್ತ ಅಪವಾದ

ಆಟಿಸಂ ಎಂಬ ಪದವನ್ನು 1911ರಲ್ಲಿ ಬಳಕೆಗೆ ತಂದವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಯ್ಗನ್ ಬ್ಲಾಯ್ಲರ್. ‘ತಾನು’ ಎಂಬ ಅರ್ಥದ ಗ್ರೀಕ್ ಮೂಲದಿಂದ ಹುಟ್ಟಿದ ಆ ಪದವನ್ನು ಅವರು ಸ್ಕಿಜೋಫ್ರೇನಿಯಾದ ಒಂದು ಲಕ್ಷಣಕ್ಕೆ ಇಟ್ಟಿದ್ದರು. ಕನ್ನಡದ ‘ಸ್ವಲೀನತೆ’ಯಲ್ಲೂ ತನ್ನಲ್ಲೇ ಲೀನವಾಗುವುದು ಎಂಬ ಅದೇ ಭಾವವಿದೆ. ಮಕ್ಕಳಲ್ಲಿನ ಸ್ಥಿತಿಯನ್ನು ಸೋವಿಯತ್ ವೈದ್ಯೆ ಗ್ರುನ್ಯಾ ಸುಖರೆವಾ 1925ರಲ್ಲೇ ವಿವರವಾಗಿ ಬರೆದಿದ್ದರು. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಬರೆದ ಲೇಖನ, 1944ರಲ್ಲಿ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಬರೆದ ಲೇಖನ ಮುಂದಿನ ಅಧ್ಯಯನಕ್ಕೆ ಬುನಾದಿಯಾದವು.

ನಂತರದ ಎರಡು ದಶಕ ತಾಯಂದಿರ ಪಾಲಿಗೆ ಕ್ರೂರವಾಗಿದ್ದವು. ತಾಯಿಯ ಮಮತೆ ಸಾಲದೆ ಮಗು ಹೀಗಾಯಿತು ಎಂಬ ವಾದ ಹಬ್ಬಿತು. ಬ್ರೂನೊ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಅದನ್ನು ಇನ್ನಷ್ಟು ಬಲಪಡಿಸಿದರು. ತಾವೇ ಒಬ್ಬ ಸ್ವಲೀನ ಮಗನ ತಂದೆಯಾಗಿದ್ದ ಮನೋವಿಜ್ಞಾನಿ ಬರ್ನಾರ್ಡ್ ರಿಮ್‌ಲಂಡ್ 1964ರಲ್ಲೇ ಇದನ್ನು ಖಂಡಿಸಿ, ಕಾರಣ ಜೈವಿಕವಾದದ್ದು ಎಂದು ಬರೆದಿದ್ದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಸ್ವಲೀನತೆ ಇತ್ತು. ತದ್ರೂಪಿಯಲ್ಲದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ವಂಶವಾಹಿಗಳ ಪಾತ್ರ ದೊಡ್ಡದೆಂಬುದು ಅಲ್ಲಿಂದ ಮುಂದೆ ಗಟ್ಟಿಯಾಗುತ್ತ ಬಂತು. ಇದಕ್ಕೆ ಒಂದೇ ಜೀನ್ ಕಾರಣವಲ್ಲ, ನೂರಾರು ಜೀನ್‌ಗಳು ಕೂಡಿ ಕೆಲಸ ಮಾಡುತ್ತವೆ. 1979ರಲ್ಲಿ ಲಂಡನ್ನಿನ ಲೋರ್ನಾ ವಿಂಗ್ ಮತ್ತು ಜೂಡಿತ್ ಗೌಲ್ಡ್ ನಡೆಸಿದ ಸಮೀಕ್ಷೆ, ಲಕ್ಷಣಗಳು ಮಗುವಿನಿಂದ ಮಗುವಿಗೆ ಎಷ್ಟು ಬಗೆಯಾಗಿ ಕಾಣುತ್ತವೆಂದು ತೋರಿಸಿತು. ‘ಸ್ಪೆಕ್ಟ್ರಮ್’ ಎಂಬ ಕಲ್ಪನೆ ಬೆಳೆದದ್ದು ಅದರಿಂದ.

ಅಪವಾದ ಇಂದಿಗೂ ಬೇರೆ ವೇಷದಲ್ಲಿ ಉಳಿದಿದೆ. ಗ್ರಹಣದಲ್ಲಿ ಹೊರಗೆ ಹೋಗಿದ್ದಕ್ಕೆ, ಬಸುರಿಯಲ್ಲಿ ಬೇಡದ್ದು ತಿಂದದ್ದಕ್ಕೆ, ಮಗುವಿನ ಕೈಗೆ ಮೊಬೈಲ್ ಕೊಟ್ಟದ್ದಕ್ಕೆ ಎಂದು ಬೆರಳು ತಾಯಿಯ ಕಡೆಗೇ ತಿರುಗುತ್ತದೆ. ಮೊಬೈಲ್ ಅತಿಯಾದರೆ ಮಾತು, ಆಟ, ನಿದ್ದೆಗೆ ತೊಂದರೆಯಾದೀತು, ಆದರೆ ಸ್ವಲೀನತೆ ಹುಟ್ಟುವುದು ಅದರಿಂದಲ್ಲ. ಲಸಿಕೆಯಿಂದ ಸ್ವಲೀನತೆ ಬರುತ್ತದೆಂದು ಸೂಚಿಸಿದ 1998ರ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂಪಡೆಯಿತು. ಲಕ್ಷಾಂತರ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಆ ನಂಟನ್ನು ಅಲ್ಲಗಳೆದಿವೆ.

ಮೊದಲ ಸುಳಿವುಗಳು

ಒಂದು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಹೆಸರು ಕರೆದರೆ ತಿರುಗಿ ನೋಡುತ್ತಾರೆ, ‘ಟಾಟಾ’ ಮಾಡುತ್ತಾರೆ. ಮುಂದಿನ ಕೆಲವೇ ತಿಂಗಳಲ್ಲಿ ಬೆರಳು ತೋರಿಸುತ್ತಾರೆ. ಬೆರಳು ತೋರಿಸುವುದರಲ್ಲಿ ಎರಡು ಬಗೆ. ‘ಅದು ಬೇಕು’ ಎನ್ನುವುದು ಒಂದು. ‘ಅಗೋ ಚಂದಪ್ಪ, ನೀನೂ ನೋಡು’ ಎನ್ನುವುದು ಇನ್ನೊಂದು. ಎರಡನೆಯದರಲ್ಲಿ ಮಗು ಏನನ್ನೂ ಬೇಡುತ್ತಿಲ್ಲ, ತನ್ನ ಖುಷಿಯನ್ನು ಹಂಚಿಕೊಳ್ಳುತ್ತಿದೆ. ಸ್ವಲೀನತೆಯ ಮಗುವಿನಲ್ಲಿ ಈ ಎರಡನೆಯ ಬಗೆ ತಡವಾಗುತ್ತದೆ ಅಥವಾ ಕಾಣುವುದೇ ಇಲ್ಲ. ಬೇಕಾದ್ದನ್ನು ಅದು ತೋರಿಸುವುದಿಲ್ಲ; ಅವ್ವನ ಮುಂಗೈ ಹಿಡಿದು ಎಳೆದೊಯ್ದು ಡಬ್ಬಿಯ ಮೇಲೆ ಇಡುತ್ತದೆ. ಆಟದ ಕಾರನ್ನು ಓಡಿಸುವ ಬದಲು ಮಗುಚಿ ಹಾಕಿ ಚಕ್ರ ತಿರುಗಿಸುತ್ತ ಕೂರುತ್ತದೆ. ಕೆಲವು ಮಕ್ಕಳು ಒಂದೂವರೆ ವರ್ಷದ ಹೊತ್ತಿಗೆ ಕಲಿತಿದ್ದ ನಾಲ್ಕಾರು ಮಾತನ್ನೂ ಬಿಟ್ಟುಬಿಡುತ್ತಾರೆ. ಹುಡುಗರಲ್ಲಿ ಸ್ವಲೀನತೆ ಹುಡುಗಿಯರಿಗಿಂತ ಮೂರು-ನಾಲ್ಕು ಪಟ್ಟು ಹೆಚ್ಚು ಪತ್ತೆಯಾಗುತ್ತದೆ. ಹುಡುಗಿಯರು ಇತರರನ್ನು ನೋಡಿ ಅನುಕರಿಸುತ್ತ ತಮ್ಮ ತೊಡಕನ್ನು ಮರೆಮಾಚುವುದರಿಂದ ಕೆಲವರು ಲೆಕ್ಕಕ್ಕೆ ಸಿಗದೆ ಹೋಗುತ್ತಾರೆ.

ಕರೆದರೆ ತಿರುಗದ ಮಗುವಿಗೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಕಿವಿ ಸರಿಯಿದ್ದೂ ತಿರುಗದಿದ್ದರೆ ಮುಂದಿನ ತಪಾಸಣೆ ಬೇಕು. ಹಳ್ಳಿಮನೆಗಳಲ್ಲಿ ಈ ಹಂತದಲ್ಲೇ ತಿಂಗಳುಗಳು ಜಾರಿಹೋಗುತ್ತವೆ. ನಾಲಿಗೆಗೆ ಬಜೆ ತಿಕ್ಕಿದರೆ ಮಾತು ಬರುತ್ತದೆ ಎನ್ನುತ್ತಾರೆ ಹಿರಿಯರು. ‘ಅವರಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು, ಸುಮ್ಮನಿರವ್ವ’ ಎಂದು ಅಜ್ಜಿ ಧೈರ್ಯ ಹೇಳುತ್ತಾಳೆ. ಅದರ ಹಿಂದಿರುವುದು ಪ್ರೀತಿಯೇ. ಆದರೆ ಮಿದುಳು ಅತಿ ಬೇಗ ಕಲಿಯುವ ವಯಸ್ಸು ಅದು. ತಡಮಾಡಿದಷ್ಟೂ ಮಗುವಿಗೆ ನಷ್ಟ. ನಿರ್ಣಯಕ್ಕೆ ಕಾಯುತ್ತಿರುವಾಗಲೇ ತರಬೇತಿ ಶುರು ಮಾಡಿದರೆ ಯಾವ ಕೆಡುಕೂ ಇಲ್ಲ.

ಇಂದ್ರಿಯಗಳ ಲೋಕ

ಸ್ವಲೀನತೆಯ ಬಹಳಷ್ಟು ನಡವಳಿಕೆಗೆ ಬೀಗದಕೈ ಇಂದ್ರಿಯಗಳಲ್ಲಿದೆ. ಎಲ್ಲರ ಮಿದುಳೂ ಕ್ಷಣಕ್ಷಣಕ್ಕೆ ಬರುವ ಶಬ್ದ, ಬೆಳಕು, ವಾಸನೆಗಳಲ್ಲಿ ಬೇಡದ್ದನ್ನು ಹಿಂದಕ್ಕೆ ತಳ್ಳುತ್ತದೆ. ಫ್ಯಾನಿನ ಸದ್ದು ಸ್ವಲ್ಪ ಹೊತ್ತಿಗೆ ಕೇಳಿಸದಂತಾಗುವುದು, ಅಂಗಿಯ ಕಾಲರಿನ ಚೀಟಿ ಮರೆತುಹೋಗುವುದು ಇದರಿಂದ. ಅನೇಕ ಸ್ವಲೀನ ಮಕ್ಕಳಲ್ಲಿ ಈ ಸೋಸುವಿಕೆ ಬೇರೆ ರೀತಿಯಲ್ಲಿ ನಡೆಯುತ್ತದೆ. ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು, ಕ್ಷೌರದಂಗಡಿಯ ಮಷಿನ್, ಗಣಪತಿ ಮೆರವಣಿಗೆಯ ಡಿಜೆ ಅವರಿಗೆ ನೋವಿನಷ್ಟೇ ತೀಕ್ಷ್ಣವಾಗಬಹುದು. ಒಮ್ಮೆ ಹೀಗೆ ನೊಂದ ಮಗುವಿಗೆ ಕುಕ್ಕರ್ ಒಲೆಯ ಮೇಲೇರಿದ್ದನ್ನು ಕಂಡರೇ ಸಾಕು, ಸೀಟಿ ಬರುವ ಮೊದಲೇ ಅಡುಗೆಮನೆಯಿಂದ ಓಡುತ್ತದೆ. ನೋಡುವವರಿಗೆ ಕಾರಣವಿಲ್ಲದ ಓಟದಂತೆ ಕಂಡರೂ ಮಗುವಿನ ಲೆಕ್ಕದಲ್ಲಿ ಅದು ಬರಲಿರುವ ನೋವಿನಿಂದ ತಪ್ಪಿಸಿಕೊಳ್ಳುವುದು.

ಊಟದ ಹಟವೂ ಅನೇಕ ಸಲ ನಾಲಿಗೆಯ ಸ್ಪರ್ಶಕ್ಕೆ ಸೇರಿದ್ದು. ದಾವಣಗೆರೆ ಸೀಮೆಯ ಮಂಡಕ್ಕಿ ಇದಕ್ಕೊಂದು ಒಳ್ಳೆಯ ಉದಾಹರಣೆ. ಖಾರ ಮಂಡಕ್ಕಿ ಗರಿಗರಿ. ಅದೇ ಮಂಡಕ್ಕಿಯನ್ನು ನೀರಲ್ಲಿ ನೆನೆಸಿ ಹಿಂಡಿ ಒಗ್ಗರಣೆ ಹಾಕಿದರೆ ಮೆತ್ತಗೆ. ದೊಡ್ಡವರಿಗೆ ಎರಡೂ ಮಂಡಕ್ಕಿಯೇ. ಬಾಯೊಳಗಿನ ಸ್ಪರ್ಶಕ್ಕೆ ಸೂಕ್ಷ್ಮವಾದ ಮಗುವಿಗೆ ಅವು ಎರಡು ಬೇರೆ ಪದಾರ್ಥ. ಗರಿಗರಿಯದ್ದನ್ನು ಖುಷಿಯಿಂದ ತಿಂದು ಮೆತ್ತನೆಯದ್ದಕ್ಕೆ ವಾಕರಿಸುವ ಮಗು ರುಚಿಯ ಮೇಲೆ ಸಿಟ್ಟು ಮಾಡುತ್ತಿಲ್ಲ. ಮೂಗು ಹಿಡಿದು ತುರುಕಿದರೆ ಊಟದ ಮೇಲಿನ ಭಯ ಬೆಳೆಯುತ್ತದೆ. ತಿನ್ನುವ ಪದಾರ್ಥಕ್ಕೆ ಸಮೀಪದ ಇನ್ನೊಂದನ್ನು ತಟ್ಟೆಯ ಅಂಚಿನಲ್ಲಿಟ್ಟು, ಮುಟ್ಟಲು, ಮೂಸಲು, ಕೊನೆಗೆ ಕಚ್ಚಲು ಕಾಲ ಕೊಡುವುದು ನಿಧಾನವಾದರೂ ಸರಿಯಾದ ದಾರಿ. ತಿನ್ನುವ ಬಗೆಗಳು ತೀರ ಕಡಿಮೆಯಿದ್ದರೆ ರಕ್ತಹೀನತೆ ಮತ್ತು ಜೀವಸತ್ವಗಳ ಕೊರತೆಯನ್ನು ವೈದ್ಯರಿಂದ ಪರೀಕ್ಷಿಸಬೇಕು.

ಇನ್ನು ಕೆಲವು ಮಕ್ಕಳಿಗೆ ಇಂದ್ರಿಯದ ಸಂದೇಶ ಸಾಲುವುದಿಲ್ಲ. ಕೀಲು ಸ್ನಾಯುಗಳಿಂದ ಬರುವ ಒತ್ತಡದ ಅರಿವು ಬೇಕಾಗಿ ಅವರು ಮಂಚದಿಂದ ಹಾರುತ್ತಾರೆ, ಮಂಚ ಮತ್ತು ಗೋಡೆಯ ಸಂದಿಗೆ ನುಸುಳುತ್ತಾರೆ, ಅಜ್ಜಿಯ ಕೌದಿಯ ಭಾರವನ್ನು ಬೇಸಗೆಯಲ್ಲೂ ಬಯಸುತ್ತಾರೆ. ತೂಕದ ಹೊದಿಕೆಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನಿದ್ದೆ ಹೆಚ್ಚಿದ್ದು ಕಾಣಲಿಲ್ಲ. ಆದರೂ ಮಕ್ಕಳು, ಹೆತ್ತವರು ಆ ಹೊದಿಕೆಯನ್ನೇ ಮೆಚ್ಚಿದರು. ತೀರ ಚಿಕ್ಕ ಮಗುವಿಗೆ ಭಾರ ಹೊದಿಸುವುದು ಅಪಾಯ.

ದೇಹದ ಒಳಗಿನ ಸೂಚನೆಗಳನ್ನು ಓದುವುದೂ ಕೆಲವರಿಗೆ ಕಷ್ಟ. ಹಸಿವು, ಬಾಯಾರಿಕೆ, ಮೂತ್ರದ ಒತ್ತಡ, ಹಲ್ಲುನೋವು ಇವೆಲ್ಲ ಹೆಸರಿಲ್ಲದ ಕಿರಿಕಿರಿಯಾಗಿ ಬರುತ್ತವೆ. ಐದಾರು ವರ್ಷವಾದರೂ ಶೌಚದ ಅಭ್ಯಾಸ ಕೂಡಿಬರದಿರುವುದಕ್ಕೆ, ನೋವಾದಾಗ ಅಳುವ ಬದಲು ತಲೆ ಜಪ್ಪಿಕೊಳ್ಳುವುದಕ್ಕೆ ಇದೂ ಕಾರಣವಿರಬಹುದು.

ಮಾಡಿದ್ದನ್ನೇ ಮಾಡುವುದು

ಕೈ ಬಡಿಯುವುದು, ತೂಗಾಡುವುದು, ಗುಯ್‌ಗುಡುವುದು, ದಾರವನ್ನು ಕಣ್ಣಂಚಿನಲ್ಲಿ ಆಡಿಸುವುದು, ಇವನ್ನು ತರಬೇತುದಾರರು ಸ್ಟಿಮ್ಮಿಂಗ್ ಎನ್ನುತ್ತಾರೆ. ಮಾತನಾಡಬಲ್ಲ ಸ್ವಲೀನ ವಯಸ್ಕರು ಇದರ ಬಗ್ಗೆ ಹೇಳಿರುವುದು ಬಹುಮಟ್ಟಿಗೆ ಒಂದೇ: ಅದು ಮನಸ್ಸನ್ನು ಹದಕ್ಕೆ ತರುತ್ತದೆ, ಆತಂಕ ಇಳಿಸುತ್ತದೆ, ಕೆಲವೊಮ್ಮೆ ಸಂತೋಷ ತಡೆಯಲಾಗದೆಯೂ ಬರುತ್ತದೆ. ಯೋಚಿಸುವಾಗ ಕಾಲು ಅಲ್ಲಾಡಿಸುವ, ಫೋನಿನಲ್ಲಿ ಮಾತಾಡುತ್ತ ಗೀಚುವ ದೊಡ್ಡವರೂ ಇದನ್ನೇ ಮಾಡುತ್ತಿರುತ್ತಾರೆ, ಪ್ರಮಾಣ ಬೇರೆ. ಯಾರಿಗೂ ನೋವಾಗದ ಸ್ಟಿಮ್ಮಿಂಗನ್ನು ಬಲವಂತವಾಗಿ ನಿಲ್ಲಿಸಿದರೆ ಒಳಗಿನ ಒತ್ತಡ ಬೇರೆ ದಾರಿ ಹುಡುಕುತ್ತದೆ. ಕೈ ಕಚ್ಚಿಕೊಳ್ಳುವುದು, ತಲೆ ಜಪ್ಪಿಕೊಳ್ಳುವುದು ಮುಂತಾದವುಗಳಿಗೆ ಮಾತ್ರ ತಡೆ ಬೇಕು. ಅಲ್ಲೂ ಮೊದಲು ಕಾರಣ ಹುಡುಕಿ, ಅಷ್ಟೇ ಸಮಾಧಾನ ಕೊಡುವ ಬೇರೊಂದನ್ನು ಕೈಗಿಡಬೇಕು.

ಒಂದೇ ತಟ್ಟೆ, ಬಸ್ಸಿನಲ್ಲಿ ಒಂದೇ ಕಿಟಕಿ, ದಾವಣಗೆರೆಗೆ ಒಂದೇ ದಾರಿ ಬೇಕೆನ್ನುವ ಪಟ್ಟನ್ನು ಕ್ಯಾನರ್ 1943ರಲ್ಲೇ ಸ್ವಲೀನತೆಯ ಮುಖ್ಯ ಲಕ್ಷಣವಾಗಿ ಗುರುತಿಸಿದ್ದರು. ಮಿದುಳು ಹಿಂದಿನ ಅನುಭವದಿಂದ ಮುಂದಿನದನ್ನು ಊಹಿಸುತ್ತ ಕೆಲಸ ಮಾಡುತ್ತದೆ. ಸ್ವಲೀನ ಮಿದುಳು ಹಳೆಯ ಅನುಭವಕ್ಕೆ ಕಡಿಮೆ ತೂಕ ಕೊಟ್ಟು ಕಣ್ಣೆದುರಿನದನ್ನು ಪ್ರತಿಸಲವೂ ಹೊಸದಾಗಿ ಕಾಣುತ್ತದೆ ಎಂಬ ವಿವರಣೆಯನ್ನು ಎಲಿಜಬೆತ್ ಪೆಲಿಕಾನೊ ಮತ್ತು ಡೇವಿಡ್ ಬರ್ 2012ರಲ್ಲಿ ಮುಂದಿಟ್ಟರು. ಪ್ರತಿ ಗಳಿಗೆಯೂ ಅನಿರೀಕ್ಷಿತವಾದ ಲೋಕದಲ್ಲಿ ಬದಲಾಗದ ಒಂದು ದಾರಿ ಊರುಗೋಲಿದ್ದಂತೆ. ತೀವ್ರ ಆಸಕ್ತಿಗೂ ಇಂಥದೇ ಒಂದು ವಿವರಣೆಯಿದೆ. ಡೈನಾ ಮರೆ ಮತ್ತು ಸಂಗಡಿಗರು 2005ರಲ್ಲಿ ಹೇಳಿದ ಪ್ರಕಾರ ಸ್ವಲೀನ ಮನಸ್ಸಿನ ಗಮನ ಹಲವು ಕಡೆ ಹರಡಿಕೊಳ್ಳದೆ ಒಂದೇ ಕಾಲುವೆಯಲ್ಲಿ ರಭಸವಾಗಿ ಹರಿಯುತ್ತದೆ. ಹಾಗಾಗಿ ಆಟದಿಂದ ಊಟಕ್ಕೆ ಏಳುವುದೂ ಅದಕ್ಕೆ ದೊಡ್ಡ ಶ್ರಮ. ಅದೇ ಆಸಕ್ತಿ ಕಲಿಕೆಯ ಹೆಬ್ಬಾಗಿಲೂ ಹೌದು. ರೈಲನ್ನು ಬಿಟ್ಟರೆ ಬೇರೇನೂ ಬೇಡವೆನ್ನುವ ಮಗು ಹರಿಹರ, ದಾವಣಗೆರೆ ನಿಲ್ದಾಣಗಳ ಫಲಕಗಳಿಂದ ಅಕ್ಷರವನ್ನೂ ರೈಲಿನ ಸಮಯದಿಂದ ಗಡಿಯಾರವನ್ನೂ ಕಲಿಯಬಲ್ಲದು.

ಮಾತಿನ ದಾರಿ

ಕೇಳಿದ್ದನ್ನು ಹಾಗೇ ಮರುನುಡಿಯುವುದು ಸ್ವಲೀನ ಮಕ್ಕಳಲ್ಲಿ ತುಂಬ ಸಾಮಾನ್ಯ. ಕನ್ನಡದಲ್ಲಿ ಇದು ಬೇಗ ಕಣ್ಣಿಗೆ ಹೊಡೆಯುತ್ತದೆ, ಏಕೆಂದರೆ ಕ್ರಿಯಾಪದದ ತುದಿಯಲ್ಲೇ ‘ಯಾರು’ ಎಂಬುದು ಅಡಗಿರುತ್ತದೆ. ‘ನೀರು ಕುಡೀತೀಯಾ?’ ಎಂದು ಅವ್ವ ಕೇಳಿದಾಗಲೆಲ್ಲ ನೀರು ಸಿಕ್ಕಿರುವುದರಿಂದ, ಬಾಯಾರಿದ ಮಗು ‘ಕುಡೀತೀನಿ’ ಎನ್ನದೆ ‘ನೀರು ಕುಡೀತೀಯಾ?’ ಎಂದೇ ಬರುತ್ತದೆ. ಅವ್ವನ ಪ್ರಶ್ನೆಯ ಏರಿಳಿತವೂ ಹಾಗೇ ಇರುತ್ತದೆ. ಆ ಮಗು ಇಡೀ ವಾಕ್ಯವನ್ನು ಒಂದೇ ಪದದಂತೆ ‘ನೀರು ಬೇಕು’ ಎಂಬ ಅರ್ಥಕ್ಕೆ ಇಟ್ಟುಕೊಂಡಿದೆ. ಮರುನುಡಿಗೆ ಸಂವಹನದ ಕೆಲಸಗಳಿವೆ ಎಂದು ಬ್ಯಾರಿ ಪ್ರೈಜಂಟ್ ಮತ್ತು ಜೂಡಿತ್ ಡೂಕನ್ 1981ರಲ್ಲೇ ತೋರಿಸಿದ್ದಾರೆ: ಸರದಿ ಉಳಿಸಿಕೊಳ್ಳುವುದು, ಒಪ್ಪಿಗೆ ಸೂಚಿಸುವುದು, ಬೇಡುವುದು, ತನ್ನನ್ನು ತಾನು ಸಂತೈಸಿಕೊಳ್ಳುವುದು. ಗದರಿ ನಿಲ್ಲಿಸುವುದಕ್ಕಿಂತ ಮಗು ಹೇಳಬೇಕಾದ ಮಾತನ್ನು ಮಗುವಿನ ಕಡೆಯಿಂದಲೇ ಆಡಿ ತೋರಿಸುವುದು ಫಲಕಾರಿ. ಲೋಟ ಕೊಡುವಾಗ ‘ನೀರು ಕುಡೀತೀನಿ’ ಎಂದು ಅವ್ವನೇ ಹೇಳಿದರೆ ಮಗು ಕಟ್ಟಿಟ್ಟುಕೊಳ್ಳುವ ವಾಕ್ಯವೂ ಅದೇ ಆಗುತ್ತದೆ.

ಮಾತನ್ನು ಅಕ್ಷರಶಃ ತೆಗೆದುಕೊಳ್ಳುವುದು ಇನ್ನೊಂದು. ‘ತಮ್ಮನ ಮೇಲೆ ಒಂದು ಕಣ್ಣಿಟ್ಟಿರು’, ‘ತಲೆ ತಿನ್ನಬೇಡ’, ‘ಹೊಟ್ಟೆಯಲ್ಲಿ ಇಲಿ ಓಡುತ್ತಿದೆ’ ಎಂಬಂಥ ಮಾತು ಕೆಲವು ಮಕ್ಕಳನ್ನು ಗಲಿಬಿಲಿಗೊಳಿಸಿದರೆ ಕೆಲವರನ್ನು ಹೆದರಿಸುತ್ತದೆ. ‘ಓಡಬೇಡ’ ಎನ್ನುವುದಕ್ಕಿಂತ ‘ನಡಿ’ ಎನ್ನುವುದು ಸುಲಭವಾಗಿ ತಿಳಿಯುತ್ತದೆ. ಚಿಕ್ಕ ವಾಕ್ಯ, ಒಂದು ಸಲಕ್ಕೆ ಒಂದೇ ಮಾತು, ಉತ್ತರಕ್ಕೆ ಹತ್ತು ಎಣಿಸುವಷ್ಟು ಕಾಯುವುದು, ಇಷ್ಟರಿಂದಲೇ ಅನೇಕ ‘ಹಟ’ಗಳು ಕರಗುತ್ತವೆ. ‘ನನ್ನ ಮುಖ ನೋಡಿ ಮಾತಾಡು’ ಎಂಬ ಒತ್ತಾಯವೂ ಬೇಡ. ನೋಡುತ್ತಲೇ ಕೇಳುವುದು ತಮಗೆ ಕಷ್ಟ, ಮುಖದಿಂದ ಕಣ್ಣು ತೆಗೆದರೆ ಮಾತು ಚೆನ್ನಾಗಿ ಕಿವಿಗೆ ಬೀಳುತ್ತದೆ ಎಂದು ಅನೇಕ ಸ್ವಲೀನ ವಯಸ್ಕರು ವಿವರಿಸಿದ್ದಾರೆ.

ಮಗುವಿನ ಮಾತು ತಡವಾದರೆ ಮನೆಭಾಷೆ ಬಿಟ್ಟು ಇಂಗ್ಲಿಷಿನಲ್ಲೇ ಮಾತಾಡಿಸಿ ಎಂಬ ಸಲಹೆ ಕೇಳಿಬರುತ್ತದೆ. ಎರಡು ಭಾಷೆಯ ವಾತಾವರಣ ಸ್ವಲೀನ ಮಕ್ಕಳ ಮಾತಿನ ಬೆಳವಣಿಗೆಗೆ ಅಡ್ಡಿಯೆಂದು ಈವರೆಗಿನ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅವ್ವ, ಅಜ್ಜಿ, ನೆರೆಹೊರೆಯವರೆಲ್ಲ ಕನ್ನಡದಲ್ಲೋ ಉರ್ದು, ಲಂಬಾಣಿ, ತೆಲುಗಿನಲ್ಲೋ ಮಾತಾಡುವ ಮನೆಯಲ್ಲಿ ಆ ಭಾಷೆಯನ್ನು ಕಿತ್ತುಕೊಂಡರೆ ಮಗು ತನ್ನವರಿಂದಲೇ ದೂರವಾಗುತ್ತದೆ. ಮಾತೇ ಬಾರದ ಮಕ್ಕಳಿಗೆ ಚಿತ್ರದ ಚೀಟಿ, ಸನ್ನೆ, ಟ್ಯಾಬಿನಲ್ಲಿ ಒತ್ತಿದರೆ ನುಡಿಯುವ ಆ್ಯಪ್ ಇವೆ. ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದ ಚಿತ್ರ ವಿನಿಮಯ ಪದ್ಧತಿಯಲ್ಲಿ ಮಗು ಬೇಕಾದ ವಸ್ತುವಿನ ಚಿತ್ರವನ್ನು ಕೈಗೆ ಕೊಟ್ಟು ಆ ವಸ್ತುವನ್ನು ಪಡೆಯುತ್ತದೆ. ಚಿತ್ರ ಕೊಟ್ಟರೆ ಮಾತು ಕಲಿಯುವುದೇ ಇಲ್ಲ ಎಂಬ ಹೆದರಿಕೆಗೆ ಆಧಾರವಿಲ್ಲ.

ರಂಪ ಮತ್ತು ಮೆಲ್ಟ್‌ಡೌನ್

ಅಂಗಡಿ ಮುಂದೆ ಚಾಕಲೇಟಿಗಾಗಿ ರಂಪ ಮಾಡುವ ಮಗು ನಡುನಡುವೆ ಅಪ್ಪನ ಮುಖ ನೋಡುತ್ತದೆ, ಬೇಕಾದ್ದು ಸಿಕ್ಕರೆ ಸುಮ್ಮನಾಗುತ್ತದೆ. ಮೆಲ್ಟ್‌ಡೌನ್ ಹಾಗಲ್ಲ. ಇಂದ್ರಿಯಗಳ ಮೇಲೆ, ಮನಸ್ಸಿನ ಮೇಲೆ ತಡೆಯಲಾರದಷ್ಟು ಹೊರೆ ಬಿದ್ದಾಗ ಹಿಡಿತ ತಪ್ಪುವ ಸ್ಥಿತಿ ಅದು. ಯಾರು ನೋಡುತ್ತಿದ್ದಾರೆಂಬ ಪರಿವೆ ಮಗುವಿಗೆ ಇರುವುದಿಲ್ಲ, ಕೇಳಿದ್ದನ್ನು ಕೊಟ್ಟರೂ ನಿಲ್ಲುವುದಿಲ್ಲ, ಮುಗಿದ ಮೇಲೆ ಮಗು ಬಸವಳಿದು ಮಲಗುತ್ತದೆ. ಕೆಲವು ಮಕ್ಕಳು ಕೂಗಾಡದೆ ಪೂರ್ತಿ ಮೌನಕ್ಕೆ ಜಾರುತ್ತಾರೆ. ಅದೂ ಅಷ್ಟೇ ಗಂಭೀರ. ಆ ಹೊತ್ತಿನಲ್ಲಿ ಬುದ್ಧಿಮಾತು, ಬೈಗುಳ, ಏಟು ಎಲ್ಲವೂ ಹೊರೆಗೆ ಹೊರೆ ಸೇರಿಸುತ್ತವೆ. ಗದ್ದಲದಿಂದ ಆಚೆ ಕರೆದೊಯ್ಯುವುದು, ಬೆಳಕು ಕಡಿಮೆ ಮಾಡುವುದು, ಸುತ್ತ ನೆರೆದವರನ್ನು ಚದುರಿಸುವುದು, ಏಟಾಗದಂತೆ ನೋಡಿಕೊಂಡು ಹತ್ತಿರ ಸುಮ್ಮನಿರುವುದು, ಇಷ್ಟೇ ಆಗ ಮಾಡಬಹುದಾದ ಕೆಲಸ.

ಉಳಿದ ಕೆಲಸವೆಲ್ಲ ಅದಕ್ಕೆ ಮೊದಲಿನದು. ಒಂದು ನೋಟ್‌ಬುಕ್‌ನಲ್ಲಿ ಮೂರು ಕಾಲಂ ಎಳೆದು, ನಡವಳಿಕೆಗೆ ಮೊದಲು ಏನಾಗಿತ್ತು, ಮಗು ಏನು ಮಾಡಿತು, ನಂತರ ಏನಾಯಿತು ಎಂದು ಎರಡು ವಾರ ಬರೆದಿಟ್ಟರೆ ಜಾಡು ಕಾಣತೊಡಗುತ್ತದೆ. ಗಂಟೆ, ಜಾಗ, ಜೊತೆಗಿದ್ದವರು, ಹಿಂದಿನ ರಾತ್ರಿಯ ನಿದ್ದೆ, ಮಲಬದ್ಧತೆ ಎಲ್ಲವನ್ನೂ ಬರೆಯಬೇಕು. ಒಂದೇ ನಡವಳಿಕೆಗೆ ಬೇರೆ ಬೇರೆ ಕಾರಣವಿರುತ್ತದೆ. ಶಾಲೆಯಲ್ಲಿ ಪಕ್ಕದವನಿಗೆ ಹೊಡೆಯುವುದು ಕಷ್ಟದ ಲೆಕ್ಕದಿಂದ ಪಾರಾಗಲು ಇರಬಹುದು. ಮನೆಯಲ್ಲಿ ತಂಗಿಗೆ ಹೊಡೆಯುವುದು ಅವಳ ಅಳು ಕಿವಿಗೆ ಇರಿಯುವುದರಿಂದ ಇರಬಹುದು. ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ನಡೆಸಿದ ಪ್ರಯೋಗದಲ್ಲಿ, ಸಹಾಯ ಅಥವಾ ಗಮನ ಕೇಳುವ ಸರಳ ಮಾತುಗಳನ್ನು ಕಲಿಸಿದ ಮೇಲೆ ಮಕ್ಕಳ ಉಪದ್ರವದ ನಡವಳಿಕೆ ಇಳಿಯಿತು. ‘ಸಾಕು’, ‘ಕಷ್ಟ ಆಗ್ತಿದೆ’, ‘ಸದ್ದು ಬೇಡ’ ಎಂಬುದನ್ನು ಮಾತಿನಲ್ಲೋ ಚೀಟಿಯಲ್ಲೋ ಹೇಳಬಲ್ಲ ಮಗುವಿಗೆ ಹೊಡೆಯುವ ಅಗತ್ಯ ಕಡಿಮೆಯಾಗುತ್ತದೆ. ಇದ್ದಕ್ಕಿದ್ದಂತೆ ನಡವಳಿಕೆ ಕೆಟ್ಟರೆ ಮೊದಲು ಹಲ್ಲು, ಕಿವಿ, ಹೊಟ್ಟೆಯ ನೋವನ್ನು ಪರೀಕ್ಷಿಸಬೇಕು. ಮೂರ್ಛೆರೋಗ, ನಿದ್ರಾಹೀನತೆ, ಹೊಟ್ಟೆಯ ತೊಂದರೆಗಳು ಸ್ವಲೀನ ಮಕ್ಕಳಲ್ಲಿ ಇತರರಿಗಿಂತ ಹೆಚ್ಚು.

ಕೆರೆಯ ಊರಿನಲ್ಲಿ ಎಚ್ಚರ

ಕೊಂಡಜ್ಜಿ ಎಂದರೆ ಆ ಸೀಮೆಯವರಿಗೆ ನೆನಪಾಗುವುದು ಕೆರೆ, ಅದರ ಪಕ್ಕದ ಗುಡ್ಡಗಾಡು. ಹರಿಹರದಲ್ಲಿ ತುಂಗಭದ್ರೆ ಹರಿಯುತ್ತಾಳೆ. ಸುತ್ತಲಿನ ಗದ್ದೆಗಳಿಗೆ ಭದ್ರಾ ನಾಲೆಯ ನೀರು. ಇಂಥ ಸೀಮೆಯಲ್ಲಿ ಸ್ವಲೀನ ಮಗುವನ್ನು ಬೆಳೆಸುವವರು ಒಂದು ವಿಷಯವನ್ನು ತಪ್ಪದೆ ತಿಳಿದಿರಬೇಕು. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಲ್ಕು ವರ್ಷ ದಾಟಿದ ಸ್ವಲೀನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಒಮ್ಮೆಯಾದರೂ ಸುರಕ್ಷಿತ ಜಾಗದಿಂದ ಹೊರಟುಹೋಗಲು ಯತ್ನಿಸಿದ್ದರು. ಹಾಗೆ ಹೋದವರಿಗೆ ಎದುರಾದ ದೊಡ್ಡ ಅಪಾಯಗಳು ನೀರು ಮತ್ತು ವಾಹನ. ನೀರಿನ ಹೊಳಪು, ಅಲೆಯ ಒಂದೇ ಸಮನೆಯ ಚಲನೆ ಅನೇಕ ಸ್ವಲೀನ ಮಕ್ಕಳನ್ನು ಸೆಳೆಯುತ್ತದೆ. ಮಗು ‘ಓಡಿಹೋಗುವುದು’ ಎಂದು ಮನೆಯವರು ಹೇಳಿದರೂ ಮಗುವಿನ ಲೆಕ್ಕದಲ್ಲಿ ಅದು ಇಷ್ಟದ ಜಾಗಕ್ಕೆ ಹೋಗುವುದು ಅಥವಾ ಸಹಿಸಲಾಗದ ಜಾಗದಿಂದ ಪಾರಾಗುವುದು.

ಬಾಗಿಲಿಗೆ ಮಗುವಿಗೆ ಎಟುಕದ ಚಿಲಕ, ತೆರೆದರೆ ಸದ್ದಾಗುವ ಗಂಟೆ, ಕೊರಳಿನ ಅಥವಾ ಕೈಯ ಪಟ್ಟಿಯಲ್ಲಿ ಫೋನ್ ನಂಬರ್, ಅಂಗಿಯ ಮೇಲೆ ಎದ್ದು ಕಾಣುವ ಬಣ್ಣ, ಇವು ಮನೆಯ ಮಟ್ಟದ ಎಚ್ಚರ. ಅಕ್ಕಪಕ್ಕದವರು, ಬಸ್ ನಿಲ್ದಾಣದ ಅಂಗಡಿಯವರು, ಕೆರೆ ಕಡೆ ದನ ಹೊಡೆದುಕೊಂಡು ಹೋಗುವವರು ಮಗುವನ್ನು ಗುರುತಿಸುವಂತಿದ್ದರೆ ಅದು ಚಿಲಕಕ್ಕಿಂತ ಗಟ್ಟಿ. ಹಳ್ಳಿಯ ದೊಡ್ಡ ಬಲ ಇದು; ಬಳಕೆಗೆ ಬರಬೇಕಾದರೆ ಮಗುವಿನ ಸ್ಥಿತಿಯನ್ನು ಮುಚ್ಚಿಡದೆ ಹೇಳಬೇಕು. ಮಗು ಕಾಣದಾದರೆ ಮೊದಲು ಹುಡುಕಬೇಕಾದದ್ದು ನೀರಿನ ಬಳಿ. ಕರೆದರೆ ಓಗೊಡದಿರಬಹುದಾದ್ದರಿಂದ ಕೂಗುವುದನ್ನಷ್ಟೇ ನಂಬಿಕೊಳ್ಳಬಾರದು. ಬಲ್ಲವರ ಜೊತೆ ಈಜು ಕಲಿಸುವುದು ಒಳ್ಳೆಯದು, ಆದರೆ ಈಜು ಕಾವಲಿಗೆ ಬದಲಿಯಾಗದು.

ಮನೆ, ಶಾಲೆ, ಜಾತ್ರೆ

ಮುಂದೇನೆಂದು ತಿಳಿದಿದ್ದರೆ ಆತಂಕ ಇಳಿಯುತ್ತದೆ. ಕೊಂಡಜ್ಜಿಯಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನ ತರಬೇತಿ ಕೇಂದ್ರವಿದೆ. ಸ್ಕೌಟ್ ಶಿಬಿರದ ದಿನ ಧ್ವಜವಂದನೆಯಿಂದ ಶಿಬಿರಾಗ್ನಿಯವರೆಗೆ ಗಂಟೆಗಂಟೆಗೆ ಗೊತ್ತಾದದ್ದು. ಯಾವುದರ ನಂತರ ಯಾವುದು ಎಂಬ ಅನುಮಾನ ಯಾವ ಮಗುವಿಗೂ ಇರುವುದಿಲ್ಲ. ಸ್ವಲೀನ ಮಗುವಿಗೆ ಮನೆಯಲ್ಲೂ ಅಂಥ ದಿನಚರಿ ಬೇಕು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ ಅವರ ತಂಡ 1970ರ ದಶಕದಿಂದ ಬೆಳೆಸಿದ ಪದ್ಧತಿಯ ತಿರುಳೂ ಇದೇ. ಹಲ್ಲುಜ್ಜುವುದು, ಸ್ನಾನ, ತಿಂಡಿ, ಶಾಲೆ ಎಂದು ಚಿತ್ರಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ, ಮುಗಿದದ್ದನ್ನು ತೆಗೆದು ಡಬ್ಬಿಗೆ ಹಾಕುತ್ತ ಹೋಗುವುದು. ಚಿತ್ರ ಬಿಡಿಸಲು ಬಾರದಿದ್ದರೆ ಫೋನಿನಲ್ಲಿ ತೆಗೆದ ಫೋಟೊ ಸಾಕು. ಶಿಬಿರದ ಸೀಟಿ, ಗುಂಪು ಹಾಡು, ಚಪ್ಪಾಳೆ ಇಂಥ ಮಕ್ಕಳಿಗೆ ಹೊರೆಯಾಗಬಹುದು. ಕಿವಿಗೆ ಮುಚ್ಚುಗೆ, ದೂರದಲ್ಲಿ ಕೂತು ನೋಡುವ ಅವಕಾಶ ಕೊಟ್ಟರೆ ಅವರೂ ಎಲ್ಲರ ಜೊತೆ ಇರಬಹುದು.

ದಾವಣಗೆರೆಯ ನಗರದೇವತೆ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಊರಿಗೆ ಊರೇ ನೆರೆಯುವ ಆ ದಿನಗಳಲ್ಲಿ ಸ್ವಲೀನ ಮಗುವಿರುವ ಮನೆ ಹೆಚ್ಚಾಗಿ ಬಾಗಿಲು ಹಾಕಿಕೊಂಡು ಉಳಿಯುತ್ತದೆ. ಕೆಲವು ದಿನ ಮೊದಲೇ ಚಿತ್ರ ತೋರಿಸಿ ಹೇಳಿಟ್ಟರೆ, ಜನ ಕಡಿಮೆಯಿರುವ ಬೆಳಗ್ಗೆ ಅರ್ಧ ಗಂಟೆ ಮಾತ್ರ ಹೋಗಿಬಂದರೆ, ಹೊರಡಲು ಮಗು ಕೊಡುವ ಸೂಚನೆಯನ್ನು ಗೌರವಿಸಿದರೆ ಜಾತ್ರೆ ಆ ಮಗುವಿಗೂ ಸಿಗುತ್ತದೆ. ಕ್ಷೌರ, ದಂತವೈದ್ಯರ ಭೇಟಿ, ಮದುವೆಮನೆ ಎಲ್ಲದಕ್ಕೂ ಇದೇ ಕ್ರಮ.

ಶಾಲೆಯಲ್ಲಿ ಕಿಟಕಿ, ಫ್ಯಾನು, ಬಾಗಿಲಿನಿಂದ ದೂರದ ಜಾಗ, ಹಲಗೆಯ ಮೇಲೆ ಬರೆದ ಸೂಚನೆ, ನಡುವೆ ಎದ್ದು ಓಡಾಡಲು ಅನುಮತಿ, ಗದ್ದಲವಾದಾಗ ಕೂರಲು ಶಾಂತವಾದ ಒಂದು ಮೂಲೆ, ಇವಕ್ಕೆ ಖರ್ಚಿಲ್ಲ. ತರಗತಿಯ ಉಳಿದ ಮಕ್ಕಳಿಗೆ ಸರಳವಾಗಿ ತಿಳಿಸಿ ಹೇಳುವುದೂ ಶಿಕ್ಷಕರ ಕೆಲಸ. ಛೇಡಿಸುವವರು ಕಡಿಮೆಯಾಗಿ ಜೊತೆಗಾರರು ಹೆಚ್ಚುವುದು ಅದರಿಂದ.

ನೆರವು ಮತ್ತು ಹಕ್ಕು

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗಳಿಗೆ ಒಮ್ಮೆ ಭೇಟಿ ಕೊಟ್ಟು ಬೆಳವಣಿಗೆಯ ಕುಂದುಗಳನ್ನೂ ತಪಾಸಣೆ ಮಾಡಬೇಕು. ಅನುಮಾನ ಬಂದ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುವುದು ಕ್ರಮ. ದಾವಣಗೆರೆಯಲ್ಲಿ ಅಂಗವಿಕಲರ ಕೌಶಲ್ಯ ಅಭಿವೃದ್ಧಿ ಮತ್ತು ಪುನರ್ವಸತಿಯ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಸಿಕಂದರಾಬಾದಿನ ರಾಷ್ಟ್ರೀಯ ಬೌದ್ಧಿಕ ಅಂಗವೈಕಲ್ಯ ಸಂಸ್ಥೆಯ ಆಡಳಿತದಲ್ಲಿರುವ ಅದನ್ನು ಜನ ಸಿಆರ್‌ಸಿ ಎಂದೇ ಕರೆಯುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ರಾಜ್ಯದ ಕುಟುಂಬಗಳು ಹೆಚ್ಚಾಗಿ ಆಶ್ರಯಿಸುವ ಎರಡು ದೊಡ್ಡ ಸಂಸ್ಥೆಗಳು.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಗುರುತಿಸಿದ 21 ಬಗೆಗಳಲ್ಲಿ ಸ್ವಲೀನತೆಯೂ ಒಂದು. 40 ಅಂಶಗಳ ಭಾರತೀಯ ಸ್ವಲೀನತೆ ಮಾಪನದಿಂದ ಪ್ರಮಾಣವನ್ನು ಅಳೆದು ಪ್ರಮಾಣಪತ್ರ ಕೊಡಲಾಗುತ್ತದೆ. ಶೇಕಡ 40 ಅಥವಾ ಹೆಚ್ಚಿನ ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದರಲ್ಲಿ ನೆರೆಯ ಶಾಲೆಯನ್ನೋ ವಿಶೇಷ ಶಾಲೆಯನ್ನೋ ಆರಿಸಿಕೊಳ್ಳುವುದೂ ಸೇರಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿಯ ನಿರಾಮಯ ವಿಮೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಮತ್ತು ಥೆರಪಿಯ ವೆಚ್ಚ ಭರಿಸುತ್ತದೆ.

ಸ್ವಲೀನತೆಯನ್ನು ವಾಸಿಮಾಡುವ ಔಷಧಿ ಇಲ್ಲ. ತೀವ್ರ ಸಿಡುಕು, ನಿದ್ದೆ, ಮೂರ್ಛೆಗೆ ವೈದ್ಯರು ಔಷಧಿ ಕೊಡಬಹುದು. ಅದು ಆಯಾ ತೊಂದರೆಗೆ ಮಾತ್ರ. ಲಕ್ಷಗಟ್ಟಲೆ ಹಣ ಕೇಳುವ ಕಾಂಡಕೋಶ ಚಿಕಿತ್ಸೆಯನ್ನು ಸ್ವಲೀನತೆಗೆ ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟಪಡಿಸಿದೆ. ಹೊಲ ಮಾರಿ ಅಂಥ ಚಿಕಿತ್ಸೆಗೆ ಹಾಕುವ ಹಣ ವರ್ಷಗಟ್ಟಲೆಯ ಸ್ಪೀಚ್ ಥೆರಪಿಗೂ ಶಾಲೆಗೂ ಸಾಲುತ್ತದೆ.

ಎರಡೂ ಕಡೆಯ ಅರಿವು

ಸ್ವಲೀನರಿಗೆ ಇತರರ ಮನಸ್ಸು ತಿಳಿಯದು ಎಂದು ಬಹುಕಾಲ ಹೇಳಲಾಗುತ್ತಿತ್ತು. ಸ್ವತಃ ಸ್ವಲೀನರಾದ ಬ್ರಿಟನ್ನಿನ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ 2012ರಲ್ಲಿ ಇನ್ನೊಂದು ಮಗ್ಗುಲನ್ನು ತೋರಿಸಿದರು. ಇತರರಿಗೂ ಸ್ವಲೀನರ ಮನಸ್ಸು ತಿಳಿಯುವುದಿಲ್ಲ, ತೊಡಕು ಎರಡೂ ಕಡೆಯದು ಎಂಬುದು ಅವರ ವಾದ. ಮಗುವನ್ನು ಬೆಳೆಸುವವರಿಗೆ ಇದರ ಅರ್ಥ ದೊಡ್ಡದು. ಮಗು ಊರಿನ ರೀತಿಯನ್ನು ತನ್ನಿಂದಾದಷ್ಟು ಕಲಿಯುತ್ತದೆ. ಊರೂ ಮಗುವಿನ ರೀತಿಯನ್ನು ಅಷ್ಟೇ ಕಲಿಯಬೇಕಾಗುತ್ತದೆ. ಹರೆಯಕ್ಕೆ ಬಂದಾಗ ದೇಹದ ಬದಲಾವಣೆ, ಸುರಕ್ಷಿತ ಮತ್ತು ಅಸುರಕ್ಷಿತ ಸ್ಪರ್ಶ, ಮುಟ್ಟಿನ ನಿರ್ವಹಣೆ, ಹಣದ ಲೆಕ್ಕ, ಬಸ್ ಪ್ರಯಾಣ, ಕೈಗೊಂದು ಕೆಲಸ, ಇವೆಲ್ಲವನ್ನೂ ಇದೇ ಹೆಜ್ಜೆಗಳಲ್ಲಿ, ಚಿತ್ರ ಮತ್ತು ಅಭ್ಯಾಸದ ಮೂಲಕ ಮೊದಲೇ ಕಲಿಸತೊಡಗಬೇಕು. ಕೆಲವರು ಸ್ವತಂತ್ರವಾಗಿ ಬದುಕುತ್ತಾರೆ, ಕೆಲವರಿಗೆ ಕೊನೆಯವರೆಗೂ ಒಬ್ಬರ ಜೊತೆ ಬೇಕು. ಯಾವ ಮಗು ಎಲ್ಲಿಗೆ ಮುಟ್ಟೀತೆಂದು ಮೂರನೆಯ ವರ್ಷದಲ್ಲೇ ಹೇಳಲು ಬರುವುದಿಲ್ಲ. ಹೆತ್ತವರು ಅಂದಿನಿಂದಲೇ ಮಾಡಬಹುದಾದದ್ದು ಒಂದಿದೆ: ಮಗು ಕಿವಿ ಮುಚ್ಚಿಕೊಂಡಾಗ ಕೈ ಎಳೆದು ತೆಗೆಯುವ ಮೊದಲು, ಅದಕ್ಕೆ ಕೇಳಿಸುತ್ತಿರುವುದೇನು ಎಂದು ತಾವೂ ಕಿವಿಗೊಟ್ಟು ಆಲಿಸುವುದು.